ಯಾ ಇದ್ದ ಜಾಗಕ್ಕೆ ಕಾ

ಈ ಸಲ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲಿರುವ ನನ್ನ ತಂಗಿಯ ಮಗಳು ಒಂದು ಸಂಜೆ ಗಣಿತದ ನೋಟ್‌ಬುಕ್ ಹಿಡಿದುಕೊಂಡು ಅಡುಗೆಮನೆಗೇ ಬಂದಳು. ನಾನು ಮೊರದ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದೆ. “ದೊಡ್ಡಮ್ಮ, ಇದು ನಮ್ಮ ಸಿಲಬಸ್ಸಲ್ಲೇ ಇಲ್ಲ. ನಾಲ್ಕನೇ ಘಾತ ಇದೆ ನೋಡು” ಎಂದು ಪುಟ ತೋರಿಸಿದಳು. ಟ್ಯೂಷನ್ನಿನಲ್ಲಿ ಬರೆಸಿದ್ದ ಲೆಕ್ಕ. ಮೂರು ಸಾಲು ಅಚ್ಚುಕಟ್ಟಾಗಿ ಬಿಡಿಸಿ, ಕೊನೆಗೆ ಸಿಕ್ಕ 4 ಮತ್ತು 9ರ ಸುತ್ತ ಚೌಕ ಹಾಕಿ ನಿಲ್ಲಿಸಿದ್ದಳು. ಪುಸ್ತಕದ ಹಿಂದಿನ ಉತ್ತರಪಟ್ಟಿಯಲ್ಲಿ ಮಾತ್ರ 2, −2, 3, −3 ಎಂದಿತ್ತು.

“ಇದಕ್ಕೆ ಆದೇಶ ವಿಧಾನ ಅಂತಾರೆ” ಎಂದಳು. ಆದೇಶ ಅಂದರೇನು ಎಂದು ಕೇಳಿದೆ. “ಆರ್ಡರ್. ಸರ್ಕಾರಿ ಆದೇಶ ಇರುತ್ತಲ್ಲ, ಹಾಗೆ. ಎಕ್ಸ್ ಸ್ಕ್ವೇರನ್ನ ವೈ ಅಂತ ತಗೋ ಅನ್ನೋ ಆರ್ಡರ್.”

ಹಾಗೆಂದುಕೊಂಡವಳು ಅವಳೊಬ್ಬಳೇ ಅಲ್ಲ. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದಷ್ಟು ವರ್ಷವೂ ಈ ಪ್ರಶ್ನೆಗೆ ಇದೇ ಉತ್ತರ ಕೇಳಿದ್ದೇನೆ. ಆ ಮಾತಿನ ಬೇರು ಎಲ್ಲಿದೆಯೆಂದು ನನಗೆ ತೋರಿಸಿಕೊಟ್ಟವರು ನಮ್ಮ ಶಾಲೆಯ ಕನ್ನಡ ಪಂಡಿತರು. ನಾನು ಒಂದು ಕೋಣೆಯಲ್ಲಿ ಆದೇಶ ವಿಧಾನ ಹೇಳುವ ದಿನವೇ ಅವರು ಪಕ್ಕದ ಕೋಣೆಯಲ್ಲಿ ಆದೇಶ ಸಂಧಿ ಹೇಳುತ್ತಿದ್ದರು. ಮಳೆ ಮತ್ತು ಕಾಲ ಸೇರಿದರೆ ಮಳೆಗಾಲ. ಕಕಾರ ಇದ್ದ ಜಾಗಕ್ಕೆ ಗಕಾರ ಬಂತು. ಬೆಟ್ಟದಲ್ಲಿ ಅರಳಿದ ತಾವರೆ ಬೆಟ್ಟದಾವರೆ; ತಕಾರದ ಜಾಗಕ್ಕೆ ದಕಾರ. ಕಣ್ಣಿನ ಪನಿ ಕಂಬನಿ. ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂರುವುದಕ್ಕೇ ವ್ಯಾಕರಣದಲ್ಲಿ ಆದೇಶ ಎಂದು ಹೆಸರು. ಗಣಿತದ ಆದೇಶವೂ ಇದೇ. ಅಪ್ಪಣೆಗೂ ಇದಕ್ಕೂ ಸಂಬಂಧವಿಲ್ಲ.

ಪಂಡಿತರು ಇನ್ನೂ ಒಂದು ಮಾತು ಹೇಳಿದ್ದರು. ಜಾಗ ಬಿಟ್ಟುಕೊಡುವ ಅಕ್ಷರಕ್ಕೆ ಪಾಣಿನಿಯ ವ್ಯಾಕರಣದಲ್ಲಿ ಸ್ಥಾನಿ ಎಂದು ಹೆಸರು. ಸ್ಥಾನಿಯ ಜಾಗಕ್ಕೆ ಬಂದ ಆದೇಶ ಸ್ಥಾನಿಯಂತೆಯೇ ನಡೆದುಕೊಳ್ಳುತ್ತದೆ, ಸ್ಥಾನಿಗೆ ಸಲ್ಲುವ ನಿಯಮಗಳೆಲ್ಲ ಅದಕ್ಕೂ ಸಲ್ಲುತ್ತವೆ. ಆದರೆ ಆ ಅಕ್ಷರವನ್ನೇ ಹಿಡಿದು ಹೇಳಿದ ನಿಯಮಗಳಲ್ಲಿ ಮಾತ್ರ ಈ ಸವಲತ್ತು ಇಲ್ಲ. ಆ ‘ಆದರೆ’ ಇದೆಯಲ್ಲ, ಬೀಜಗಣಿತದಲ್ಲಿ ಮಕ್ಕಳು ಅಂಕ ಕಳೆದುಕೊಳ್ಳುವುದು ಅಲ್ಲೇ. ಅದಕ್ಕೆ ಬರುತ್ತೇನೆ.

ಮೊದಲು ಅಕ್ಷರಗಳ ವಿಷಯ. ಪಠ್ಯಪುಸ್ತಕದಲ್ಲಿ ಎಕ್ಸ್, ವೈ ಇರುತ್ತವೆ. ಇಲ್ಲಿ ಭಾಸ್ಕರಾಚಾರ್ಯನ ಅಕ್ಷರಗಳನ್ನೇ ಬಳಸುತ್ತೇನೆ. 1114ರಲ್ಲಿ ಹುಟ್ಟಿದ ಆತ 36ನೆಯ ವಯಸ್ಸಿಗೆ ‘ಸಿದ್ಧಾಂತ ಶಿರೋಮಣಿ’ ಬರೆದ. ‘ಲೀಲಾವತಿ’ ಮತ್ತು ‘ಬೀಜಗಣಿತ’ ಅದರ ಭಾಗಗಳು. ತನ್ನ ಊರು ಸಹ್ಯಾದ್ರಿಯ ಮಗ್ಗುಲಿನ ವಿಜ್ಜಡವಿಡ ಎಂದು ಹೇಳಿಕೊಂಡಿದ್ದಾನೆ. ಅದು ನಮ್ಮ ವಿಜಯಪುರ ಎನ್ನುವವರಿದ್ದಾರೆ, ಮಹಾರಾಷ್ಟ್ರದ ಚಾಳೀಸಗಾಂವ್ ಸೀಮೆಯ ಊರು ಎನ್ನುವವರೂ ಇದ್ದಾರೆ. ಗೊತ್ತಿಲ್ಲದ ರಾಶಿಗೆ ಆತನ ಹೆಸರು ‘ಯಾವತ್ತಾವತ್’, ಅಂದರೆ ಎಷ್ಟೋ ಅಷ್ಟು. ಎರಡನೆಯ ಅವ್ಯಕ್ತ ಬೇಕಾದರೆ ಬಣ್ಣಗಳ ಹೆಸರು: ಕಾಲಕ ಎಂದರೆ ಕಪ್ಪು, ನೀಲಕ ಎಂದರೆ ನೀಲಿ, ಆಮೇಲೆ ಪೀತಕ, ಲೋಹಿತಕ. ಬರೆಯುವಾಗ ಮೊದಲ ಅಕ್ಷರ ಸಾಕು: ಯಾ, ಕಾ, ನೀ. ಯಾ ವರ್ಗಕ್ಕೆ ‘ಯಾ ವ’, ಘನಕ್ಕೆ ‘ಯಾ ಘ’, ನಾಲ್ಕನೇ ಘಾತಕ್ಕೆ ‘ಯಾ ವವ’. ಋಣಸಂಖ್ಯೆಯ ತಲೆಯ ಮೇಲೆ ಒಂದು ಚುಕ್ಕೆ. ಘಾತಗಳನ್ನು ಮಾತ್ರ ನಾನು ಈಗಿನ ರೂಢಿಯಂತೆ ಮೇಲೆ ಬರೆಯುತ್ತೇನೆ.

ಹುಡುಗಿಯ ಲೆಕ್ಕ ಇದು: ಯಾ⁴ − 13ಯಾ² + 36 = 0.

ನಾಲ್ಕನೇ ಘಾತ ನೋಡಿ ಹೆದರುವುದು ಸಹಜ. ಅವಳ ಕೈಗೆ ನೀಲಿ ಸ್ಕೆಚ್ ಪೆನ್ ಕೊಟ್ಟು, ಎರಡು ಕಡೆ ಕಾಣಿಸಿಕೊಳ್ಳುವ ಒಂದೇ ವಸ್ತುವಿಗೆ ಸುತ್ತು ಹಾಕು ಎಂದೆ. ಸ್ವಲ್ಪ ಹೊತ್ತು ನೋಡಿ ಮಧ್ಯದ ಯಾ²ಕ್ಕೆ ಸುತ್ತು ಹಾಕಿದಳು. ಇನ್ನೊಂದು? ಯಾ⁴ ಎಂದರೆ ಯಾ²ದ ವರ್ಗ ತಾನೆ ಎಂದು ತಾನೇ ಹೇಳಿಕೊಂಡು ಅದನ್ನು ಆವರಣದೊಳಗೆ ಬರೆದು ಒಳಗಿನದಕ್ಕೂ ಸುತ್ತು ಹಾಕಿದಳು. ಈಗ ಪುಟದ ಮೇಲೆ ಎರಡು ನೀಲಿ ಉಂಡೆಗಳು. ಉಂಡೆಗೆ ಕಾ ಎಂದು ಹೆಸರಿಟ್ಟರೆ ಕಾ² − 13ಕಾ + 36 = 0. ಇದು ಅವಳು ದಿನಾ ಬಿಡಿಸುವ ವರ್ಗಸಮೀಕರಣ. ಗುಣಲಬ್ಧ 36, ಮೊತ್ತ 13 ಆಗುವ ಎರಡು ಸಂಖ್ಯೆ 4 ಮತ್ತು 9.

ಅವಳು ಚೌಕ ಹಾಕಿದ್ದು ಇಲ್ಲಿ. ಆದರೆ ಪ್ರಶ್ನೆ ಕೇಳಿದ್ದು ಯಾ ಎಷ್ಟು ಎಂದು. ಕಾ ನಮ್ಮ ಅನುಕೂಲಕ್ಕೆ ನಾವು ಕರೆತಂದದ್ದು. ಮಳೆಗಾಲದ ಅರ್ಥ ತಿಳಿಯಬೇಕಾದರೆ ನಿಘಂಟಿನಲ್ಲಿ ‘ಗಾಲ’ ಹುಡುಕಿ ಪ್ರಯೋಜನವಿಲ್ಲ, ‘ಕಾಲ’ಕ್ಕೆ ಹಿಂದಿರುಗಿಯೇ ನೋಡಬೇಕು. ಹಾಗೆಯೇ ಯಾ² = 4 ಆದರೆ ಯಾ 2 ಅಥವಾ −2; ಯಾ² = 9 ಆದರೆ 3 ಅಥವಾ −3. ಎರಡು ಉತ್ತರ ನಾಲ್ಕಾದವು. ನಾಲ್ಕನೇ ಘಾತದ ಸಮೀಕರಣಕ್ಕೆ ನಾಲ್ಕು ಮೂಲ ಇರಬೇಕಾದದ್ದೇ.

ಈ ಜಾಣ್ಮೆ ಹೊಸದಲ್ಲ, ದೂರದ್ದೂ ಅಲ್ಲ. ಒಂಬತ್ತನೆಯ ಶತಮಾನದಲ್ಲಿ, ಮಾನ್ಯಖೇಟದಿಂದ ರಾಷ್ಟ್ರಕೂಟರು ಆಳುತ್ತಿದ್ದಾಗ, ಮಹಾವೀರಾಚಾರ್ಯ ಎಂಬ ಜೈನ ಗಣಿತಜ್ಞ ‘ಗಣಿತಸಾರಸಂಗ್ರಹ’ ಬರೆದ. ಗ್ರಂಥದ ಆರಂಭದಲ್ಲಿ ಅಮೋಘವರ್ಷ ನೃಪತುಂಗನನ್ನು ಹೊಗಳಿದ್ದಾನೆ. ಮಾನ್ಯಖೇಟ ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡ. ಆ ಪುಸ್ತಕದಲ್ಲಿ ಒಂದು ಒಂಟೆಗಳ ಲೆಕ್ಕವಿದೆ. ಹಿಂಡಿನ ಕಾಲುಭಾಗ ಕಾಡಿನಲ್ಲಿ ಕಂಡಿತು. ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ಇಳಿಜಾರಿಗೆ ಹೋದವು. ಮೂರೈದಲ ಹದಿನೈದು ಹೊಳೆಯ ದಡದಲ್ಲಿ ಉಳಿದವು. ಒಟ್ಟು ಎಷ್ಟು ಒಂಟೆ?

ಹಿಂಡು ಯಾ ಎಂದಿಟ್ಟುಕೊಂಡರೆ ಕಾಲು ಯಾ, ಎರಡು √ಯಾ ಮತ್ತು 15 ಸೇರಿ ಯಾ ಆಗಬೇಕು. ಇಲ್ಲಿ ತೊಂದರೆ ಕೊಡುವುದು ವರ್ಗಮೂಲ. ಅದಕ್ಕೇ ಕಾ ಎಂದು ಹೆಸರಿಟ್ಟುಬಿಡಿ. ಆಗ ಯಾ ಎಂಬುದೇ ಕಾ². ಎಲ್ಲವನ್ನೂ 4ರಿಂದ ಗುಣಿಸಿ ಒಂದು ಕಡೆಗೆ ತಂದರೆ 3ಕಾ² − 8ಕಾ − 60 = 0. ಬಿಡಿಸಿದರೆ ಕಾ = 6 ಅಥವಾ −10/3. ಆರರ ವರ್ಗ 36. ಒಂಬತ್ತು ಕಾಡಿನಲ್ಲಿ, ಹನ್ನೆರಡು ಬೆಟ್ಟದಲ್ಲಿ, ಹದಿನೈದು ದಡದಲ್ಲಿ. ಲೆಕ್ಕ ಸರಿಹೋಯಿತು.

ಇನ್ನೊಂದು ಮೂಲ −10/3 ಏನಾಯಿತು? ಅದರ ವರ್ಗ 100/9, ಹನ್ನೊಂದು ಒಂಟೆ ಮತ್ತು ಒಂಬತ್ತರಲ್ಲಿ ಒಂದು ಭಾಗ. ಒಂಟೆ ತುಂಡಾಗುವುದಿಲ್ಲ ಎಂದು ಅದನ್ನು ಬಿಡುವುದು ರೂಢಿ. ನಿಜವಾದ ಕಾರಣ ಅದಲ್ಲ. ಒಂಟೆಯ ಬದಲು ಹಾಲಿನ ಲೆಕ್ಕವಾಗಿದ್ದರೂ ಅದು ಹೊಂದುತ್ತಿರಲಿಲ್ಲ. 100/9ರ ವರ್ಗಮೂಲ 10/3. ಕಾಲುಭಾಗ 25/9, ಮೂಲದ ಎರಡರಷ್ಟು 20/3, ಮತ್ತು 15 ಸೇರಿಸಿದರೆ 24ನ್ನೂ ದಾಟುತ್ತದೆ, 11 ಆಗುವುದಿಲ್ಲ. ಏಕೆಂದರೆ ಕಾ ಎಂದು ನಾವು ಹೆಸರಿಟ್ಟದ್ದು ವರ್ಗಮೂಲಕ್ಕೆ, ಅದು ಋಣವಾಗುವಂತಿಲ್ಲ. ಯಾವ ಜಾಗಕ್ಕೆ ಬಂದಿದ್ದೇನೆಂಬುದು ಹೊಸ ಸಮೀಕರಣಕ್ಕೆ ಬಂದ ‘ಕಾ’ ಎಂಬುದಕ್ಕೆ ನೆನಪಿಲ್ಲ. ಅದು ಸ್ವತಂತ್ರ ಸಂಖ್ಯೆಯಂತೆ ಎರಡೂ ಮೂಲ ಕೊಡುತ್ತದೆ. ಪಂಡಿತರು ಹೇಳಿದ ‘ಆದರೆ’ ಇದೇ. ಆದೇಶ ಸ್ಥಾನಿಯಂತೆ ನಡೆದುಕೊಳ್ಳುತ್ತದೆ, ಆದರೆ ಎಲ್ಲ ವಿಷಯದಲ್ಲೂ ಅಲ್ಲ. ಆ ನೆನಪನ್ನು ಇಟ್ಟುಕೊಳ್ಳಬೇಕಾದವರು ಬಿಡಿಸುವ ನಾವು.

ಮಹಾವೀರ ಕಾ ಎಂದು ಬರೆಯಲಿಲ್ಲ. ಆತ ಸೂತ್ರ ಕೊಟ್ಟ. ಮೂಲದ ಸಹಗುಣಕದ ಅರ್ಧವನ್ನೂ ಉಳಿದ ಸಂಖ್ಯೆಯನ್ನೂ, ಒಂದರಿಂದ ಭಿನ್ನರಾಶಿ ಕಳೆದದ್ದರಿಂದ ಭಾಗಿಸು. ಅಂದರೆ ಇಲ್ಲಿ ಮುಕ್ಕಾಲಿನಿಂದ. ಸಿಗುವುದು 4/3 ಮತ್ತು 20. 4/3ರ ವರ್ಗವನ್ನು 20ಕ್ಕೆ ಸೇರಿಸಿ ಮೂಲ ತೆಗೆದರೆ 14/3. ಅದಕ್ಕೆ ಮತ್ತೆ 4/3 ಸೇರಿಸಿದರೆ 6. ಕೊನೆಯ ಹೆಜ್ಜೆ: ಬಂದದ್ದನ್ನು ವರ್ಗ ಮಾಡು. ಈ ಕೊನೆಯ ಹೆಜ್ಜೆ ನನಗೆ ಬಹಳ ಪ್ರಿಯ. ಮೊದಲು ಹುಡುಕುವುದು ಹಿಂಡನ್ನಲ್ಲ, ಹಿಂಡಿನ ಮೂಲವನ್ನು. ಆಮೇಲೆ ಹಿಂಡಿಗೆ ಹಿಂದಿರುಗುವುದು. ಆದೇಶವೂ ವಾಪಸಾತಿಯೂ ಒಂದೇ ಸೂತ್ರದೊಳಗೆ ಹೊಲಿದುಕೊಂಡಿವೆ. ಅಕ್ಷರ ಇಲ್ಲದೆಯೂ ಆತ ನೋಡಿದ್ದು ಇದನ್ನೇ.

ಲೀಲಾವತಿಯಲ್ಲಿ ಇದೇ ಜಾತಿಯ ಲೆಕ್ಕಗಳಿವೆ. ಕರ್ಣನ ವಧೆಗೆ ಅರ್ಜುನ ತೆಗೆದ ಬಾಣಗಳಲ್ಲಿ ಅರ್ಧ ಕರ್ಣನ ಬಾಣಗಳನ್ನು ತಡೆಯಲು, ಮೂಲದ ನಾಲ್ಕರಷ್ಟು ಕುದುರೆಗಳಿಗೆ, ಆರು ಶಲ್ಯನಿಗೆ, ಮೂರು ಕೊಡೆ, ಧ್ವಜ, ಬಿಲ್ಲುಗಳಿಗೆ, ಒಂದು ತಲೆಗೆ. ಮೂಲಕ್ಕೆ ಕಾ ಎಂದರೆ ಕಾ² − 8ಕಾ − 20 = 0; ಕಾ 10, ಬಾಣ 100. ದುಂಬಿಗಳ ಲೆಕ್ಕ ಇನ್ನಷ್ಟು ಚೆಂದ. ಅಲ್ಲಿ ವರ್ಗಮೂಲ ಬರುವುದು ಇಡೀ ಹಿಂಡಿಗಲ್ಲ, ಹಿಂಡಿನ ಅರ್ಧಕ್ಕೆ. ಅಷ್ಟು ದುಂಬಿಗಳು ಮಾಲತಿಗೆ ಹಾರಿದವು, ಇಡೀ ಹಿಂಡಿನ ಒಂಬತ್ತರಲ್ಲಿ ಎಂಟು ಭಾಗ ಮತ್ತೊಂದೆಡೆಗೆ ಹೋದವು, ಉಳಿದದ್ದು ತಾವರೆಯೊಳಗೆ ಸಿಕ್ಕಿಬಿದ್ದ ಗಂಡು ಮತ್ತು ಹೊರಗೆ ಗುಂಯ್‌ಗುಡುವ ಹೆಣ್ಣು. ಇಲ್ಲಿ ಯಾ ಎಂಬುದನ್ನು ಕಾ² ಎಂದರೆ ಮೂಲದೊಳಗೆ ಅರ್ಧ ಉಳಿದು ಕಾಡುತ್ತದೆ. 2ಕಾ² ಎಂದುಕೊಂಡರೆ ಅರ್ಧವೂ ಹೋಯಿತು, ಮೂಲವೂ ಹೋಯಿತು. ಉಳಿದದ್ದು 2ಕಾ² − 9ಕಾ − 18 = 0. ಕಾ 6, ದುಂಬಿಗಳು 36ರ ಎರಡರಷ್ಟು, 72. ಯಾವುದನ್ನು ಹೆಸರಿಟ್ಟು ಕರೆಯಬೇಕು ಎಂಬುದರಲ್ಲಿ ಅರ್ಧ ಲೆಕ್ಕ ಮುಗಿದಿರುತ್ತದೆ.

ಬೀಜಗಣಿತದ ಕೋತಿಗಳ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಅದು ಒಂಟೆಗಳಿಗಿಂತ ಸೂಕ್ಷ್ಮ. ಹಿಂಡಿನ ಐದನೇ ಒಂದು ಭಾಗದಿಂದ ಮೂರು ಕಳೆದು, ಬಂದದ್ದರ ವರ್ಗದಷ್ಟು ಕೋತಿಗಳು ಗುಹೆಗೆ ಹೋದವು; ಒಂದು ಕೊಂಬೆ ಹತ್ತಿ ಕಂಡಿತು. ಭಿನ್ನರಾಶಿ ತಪ್ಪಿಸಲು ಯಾ = 5ಕಾ ಎನ್ನಿ. (ಕಾ − 3)² + 1 = 5ಕಾ, ಅಂದರೆ ಕಾ² − 11ಕಾ + 10 = 0; ಕಾ 10 ಅಥವಾ 1, ಕೋತಿಗಳು 50 ಅಥವಾ 5. ಇಲ್ಲಿ ಎರಡೂ ಸಮೀಕರಣಕ್ಕೆ ಹೊಂದುತ್ತವೆ. ಆದರೆ 5ರ ಐದನೇ ಭಾಗ 1. ಒಂದರಿಂದ ಮೂರು ಕೋತಿ ಕಳೆಯುವುದು ಹೇಗೆ? ಭಾಸ್ಕರ ಎರಡನೆಯದನ್ನು ಬಿಡಬೇಕು ಎನ್ನುತ್ತಾನೆ. ಅಂದರೆ ವಾಪಸಾತಿಗೆ ಎರಡು ಬಾಗಿಲು: ಮೊದಲು ಸಮೀಕರಣಕ್ಕೆ, ಆಮೇಲೆ ಕಥೆಗೆ.

ಸರಿ, ಯಾವುದನ್ನು ಹೆಸರಿಟ್ಟು ಕರೆಯಬೇಕು ಎಂದು ಗೊತ್ತಾಗುವುದು ಹೇಗೆ? ತರಗತಿಯಲ್ಲಿ ನಾವು ಕಲಿಸದೆ ಬಿಡುವುದು ಇದನ್ನೇ. ‘ಎಕ್ಸ್ ವರ್ಗ ಈಸ್ ಈಕ್ವಲ್ ಟು ವೈ ಆಗಿರಲಿ’ ಎಂದು ಬೋರ್ಡಿನ ಮೇಲೆ ಬರೆದು ಮುಂದೆ ಹೋಗುತ್ತೇವೆ. ಅದು ಎಲ್ಲಿಂದ ಬಂತು ಎಂದು ಕೇಳುವ ಮಗು ಇದ್ದರೆ ಅದೇ ಆ ತರಗತಿಯ ಅತ್ಯುತ್ತಮ ಪ್ರಶ್ನೆ, ಅದಕ್ಕೆ ಒಂದು ಇಡೀ ಪೀರಿಯಡ್ ಕೊಡಬೇಕು.

ಉತ್ತರದ ಬಹುಪಾಲು ಒಂದು ಮಾತಿನಲ್ಲಿದೆ: ಸರಾಸರಿ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬ್ಯಾಬಿಲೋನಿಯ ಸಂಗ್ರಹದಲ್ಲಿ 6967ನೆಯ ಸಂಖ್ಯೆಯ ಒಂದು ಮಣ್ಣಿನ ಹಲಗೆ ಇದೆ. ವಯಸ್ಸು ಮೂರೂವರೆ ಸಾವಿರ ವರ್ಷಕ್ಕೂ ಹೆಚ್ಚು. ಅದರ ಪ್ರಶ್ನೆ: ಎರಡು ಸಂಖ್ಯೆಗಳ ವ್ಯತ್ಯಾಸ 7, ಗುಣಲಬ್ಧ 60; ಸಂಖ್ಯೆಗಳಾವುವು? ಹಲಗೆಯ ಲಿಪಿಕಾರ 7ನ್ನು ಅರ್ಧ ಮಾಡುತ್ತಾನೆ, ಮೂರೂವರೆ. ಅದರ ವರ್ಗ ಹನ್ನೆರಡೂಕಾಲನ್ನು 60ಕ್ಕೆ ಸೇರಿಸುತ್ತಾನೆ, ಎಪ್ಪತ್ತೆರಡೂಕಾಲು. ಮೂಲ ತೆಗೆಯುತ್ತಾನೆ, ಎಂಟೂವರೆ. ಅದಕ್ಕೆ ಮೂರೂವರೆ ಸೇರಿಸಿದರೆ 12, ಕಳೆದರೆ 5. ಆ ಎಂಟೂವರೆ ಏನು? 12 ಮತ್ತು 5ರ ಸರಾಸರಿ. ಎರಡು ಗೊತ್ತಿಲ್ಲದ ಸಂಖ್ಯೆಗಳನ್ನು ಹುಡುಕುವ ಬದಲು ಅವುಗಳ ನಡುವಿನ ಬಿಂದುವನ್ನು ಹುಡುಕಿದ. ಒಂದು ಅದಕ್ಕಿಂತ ಮೂರೂವರೆ ಹೆಚ್ಚು, ಇನ್ನೊಂದು ಮೂರೂವರೆ ಕಡಿಮೆ. ಗುಣಿಸಿದಾಗ ಮಧ್ಯದ ಪದ ತಾನಾಗಿ ಬಿದ್ದುಹೋಗುತ್ತದೆ.

ಹೀಗೆ ನಡುವಿಗೆ ಹೋಗಿ ನಿಲ್ಲುವುದು ದೊಡ್ಡ ಘಾತಗಳಲ್ಲೂ ಎಷ್ಟೋ ಸಲ ಫಲ ಕೊಡುತ್ತದೆ. (ಯಾ + 1)(ಯಾ + 2)(ಯಾ + 3)(ಯಾ + 4) = 120 ಎಂಬ ಲೆಕ್ಕ ನೋಡಿ. ಬಿಡಿಸಿ ಗುಣಿಸಲು ಹೊರಟರೆ ಪುಟ ತುಂಬುತ್ತದೆ. ತುದಿಯ ಎರಡನ್ನು ಜೋಡಿಸಿ, ನಡುವಿನ ಎರಡನ್ನು ಜೋಡಿಸಿ: ಯಾ² + 5ಯಾ + 4 ಮತ್ತು ಯಾ² + 5ಯಾ + 6. ಕಾ ಎಂದು ಯಾವುದನ್ನು ಕರೆಯೋಣ? ಯಾ² + 5ಯಾ ಎಂದರೂ ಆಗುತ್ತದೆ. ಆದರೆ ಎರಡರ ಸರಾಸರಿ ಯಾ² + 5ಯಾ + 5 ಎಂಬುದನ್ನು ಕರೆದರೆ, (ಕಾ − 1)(ಕಾ + 1) = 120, ಅಂದರೆ ಕಾ² = 121. ಕಾ 11 ಅಥವಾ −11. ಮೊದಲನೆಯದರಿಂದ ಯಾ 1 ಅಥವಾ −6. ಎರಡನೆಯದರಲ್ಲಿ ಶೋಧಕ −39, ವಾಸ್ತವ ಮೂಲವಿಲ್ಲ. ಇದರ ಬೆನ್ನಿಗೇ ಇನ್ನೊಂದು ಸತ್ಯ ಹೊರಬೀಳುತ್ತದೆ: ಯಾವುದೇ ನಾಲ್ಕು ಅನುಕ್ರಮ ಸಂಖ್ಯೆಗಳ ಗುಣಲಬ್ಧಕ್ಕೆ ಒಂದು ಸೇರಿಸಿದರೆ ಪೂರ್ಣವರ್ಗ. 1, 2, 3, 4 ಗುಣಿಸಿ ಒಂದು ಸೇರಿಸಿ, 25. ನಂತರದ್ದು 121. ಅದರ ನಂತರದ್ದು 361. ಮಕ್ಕಳು ಇದನ್ನು ಕ್ಯಾಲ್ಕ್ಯುಲೇಟರಿನಲ್ಲಿ ಸಾವಿರದವರೆಗೂ ಪರೀಕ್ಷಿಸಿ ನೋಡುವುದನ್ನು ಕಂಡಿದ್ದೇನೆ.

ಸಹಗುಣಕಗಳು ಕನ್ನಡಿಯಲ್ಲಿ ಕಂಡಂತೆ ಎರಡೂ ಕಡೆಯಿಂದ ಒಂದೇ ಆಗಿದ್ದರೆ ಬೇರೆ ಉಂಡೆ ಹುಡುಕಬೇಕು. 6ಯಾ⁴ − 35ಯಾ³ + 62ಯಾ² − 35ಯಾ + 6 = 0. ಇಲ್ಲಿ ಒಂದು ಮೂಲವಿದ್ದರೆ ಅದರ ವ್ಯುತ್ಕ್ರಮವೂ ಮೂಲ. ಹಾಗಾಗಿ ಸಮೀಕರಣವನ್ನು ಯಾ²ದಿಂದ ಭಾಗಿಸಿ, ಯಾ ಮತ್ತು 1/ಯಾ ಎರಡರ ಮೊತ್ತಕ್ಕೆ ಕಾ ಎಂದು ಕರೆಯಿರಿ. ಸಿಗುವುದು 6ಕಾ² − 35ಕಾ + 50 = 0. ಕಾ 5/2 ಅಥವಾ 10/3. ಯಾ ನಾಲ್ಕು: 2, ಅರ್ಧ, 3, ಮೂರನೇ ಒಂದು.

ಘನಸಮೀಕರಣದಲ್ಲೂ ಭಾಸ್ಕರ ಒಂದು ಉದಾಹರಣೆ ಕೊಟ್ಟಿದ್ದಾನೆ: ಯಾ³ + 12ಯಾ = 6ಯಾ² + 35. ಯಾ ಇರುವ ಪದಗಳನ್ನೆಲ್ಲ ಎಡಗಡೆಗೆ ತಂದು ಎರಡೂ ಬದಿಯಿಂದ 8 ಕಳೆದರೆ ಎಡಗಡೆ ನಿಲ್ಲುವುದು (ಯಾ − 2)³, ಬಲಗಡೆ 27. ಯಾ 5. ಆ 2 ಎಲ್ಲಿಂದ ಬಂತು? ಮೂಲಗಳ ಮೊತ್ತ 6, ಮೂರು ಮೂಲಗಳ ಸರಾಸರಿ 2. ನಾಲ್ಕನೇ ಘಾತಕ್ಕೆ ಆತನ ಲೆಕ್ಕ ಯಾ⁴ − 2ಯಾ² − 400ಯಾ = 9999. ಇಲ್ಲಿ ಸರಾಸರಿ ಸೊನ್ನೆ, ಅದು ಸಹಾಯಕ್ಕೆ ಬರುವುದಿಲ್ಲ. ಭಾಸ್ಕರ ಎರಡೂ ಬದಿಗೆ 4ಯಾ² + 400ಯಾ + 1 ಸೇರಿಸಿದ. ಎಡಗಡೆ (ಯಾ² + 1)², ಬಲಗಡೆ (2ಯಾ + 100)². ಮೂಲ ತೆಗೆದರೆ ಯಾ² + 1 = 2ಯಾ + 100; ಯಾ 11. ನನ್ನ ಪಂಡಿತ ಮಿತ್ರರಿಗೆ ಈ ಲೆಕ್ಕ ತೋರಿಸಿದಾಗ ಅವರು ಕೂಡಲೇ, ಇದು ಆದೇಶವಲ್ಲ ಮೇಡಂ, ಆಗಮ ಎಂದರು. ಇಲ್ಲದ ಅಕ್ಷರ ಹೊಸದಾಗಿ ಬಂದು ಸೇರುವುದು ಆಗಮ ಸಂಧಿ. ಎರಡು ಸಮೀಕರಣ ಕಳೆದು ಒಂದು ಚರಾಕ್ಷರವನ್ನು ತೆಗೆದುಹಾಕುವ ವರ್ಜಿಸುವ ವಿಧಾನ ಹಾಗಾದರೆ ಲೋಪ ಸಂಧಿ. ಅಂದಿನಿಂದ ನನ್ನ ತರಗತಿಯಲ್ಲಿ ಈ ಮೂರನ್ನೂ ಲೋಪ, ಆಗಮ, ಆದೇಶ ಎಂದೇ ಹೇಳಿಕೊಟ್ಟೆ.

ಆ 4ಯಾ² + 400ಯಾ + 1 ಹೊಳೆಯಬೇಕಾದರೆ ಭಾಸ್ಕರನ ಬುದ್ಧಿ ಬೇಕು. ಎಲ್ಲ ಘನಸಮೀಕರಣಕ್ಕೂ ಒಗ್ಗುವ ದಾರಿ ಸಿಕ್ಕಿದ್ದು ಹದಿನಾರನೆಯ ಶತಮಾನದ ಇಟಲಿಯಲ್ಲಿ. ಬೊಲೋನ್ಯಾದ ಶಿಪಿಯೋನೆ ದೆಲ್ ಫೆರ್ರೋ ಕಂಡುಕೊಂಡು ಗುಟ್ಟಾಗಿಟ್ಟ, 1526ರಲ್ಲಿ ಸಾಯುವ ಮುನ್ನ ಶಿಷ್ಯ ಫಿಯೋರ್‌ಗೆ ಹೇಳಿದ. 1535ರಲ್ಲಿ ಫಿಯೋರ್ ತಾರ್ತಾಲಿಯಾನನ್ನು ಸವಾಲಿಗೆ ಕರೆದ, ತಲಾ ಮೂವತ್ತು ಲೆಕ್ಕ. ತಾರ್ತಾಲಿಯಾ ಎಂಬುದು ಅಡ್ಡಹೆಸರು, ತೊದಲುವವನು ಎಂದರ್ಥ. ಬಾಲ್ಯದಲ್ಲಿ ಫ್ರೆಂಚ್ ಸೈನಿಕನ ಕತ್ತಿಯೇಟು ಬಾಯಿಗೆ ಬಿದ್ದಿತ್ತು. ಅವನು ಗಡುವಿಗೆ ಮುಂಚೆ ವಿಧಾನವನ್ನು ತಾನೇ ಕಂಡುಹಿಡಿದು ಗೆದ್ದ. 1539ರಲ್ಲಿ ಮಿಲಾನಿನ ವೈದ್ಯ ಕಾರ್ದಾನೋ ಯಾರಿಗೂ ಹೇಳುವುದಿಲ್ಲವೆಂದು ಆಣೆ ಇಟ್ಟು ಅದನ್ನು ತಿಳಿದುಕೊಂಡ. ಮೊದಲು ಕಂಡವನು ದೆಲ್ ಫೆರ್ರೋ ಎಂದು ಗೊತ್ತಾದ ಮೇಲೆ 1545ರಲ್ಲಿ ‘ಆರ್ಸ್ ಮಾಗ್ನಾ’ದಲ್ಲಿ ಅಚ್ಚು ಹಾಕಿಸಿದ. ಜಗಳ ದೊಡ್ಡದಾಯಿತು. ನನಗೆ ಜಗಳಕ್ಕಿಂತ ಲೆಕ್ಕ ಮುಖ್ಯ.

ಕಾರ್ದಾನೋ ತೆಗೆದುಕೊಂಡದ್ದು ಯಾ³ + 6ಯಾ = 20. ಇಲ್ಲಿ ಸುತ್ತು ಹಾಕಲು ಉಂಡೆಯೇ ಕಾಣುವುದಿಲ್ಲ. ಆಗ ಮಾಡಿದ ಕೆಲಸ ತಿರುವುಮುರುವು: ಒಂದು ಉಂಡೆಗೆ ಒಂದು ಹೆಸರಿಡುವ ಬದಲು, ಒಂದು ಯಾ ಇದ್ದ ಜಾಗಕ್ಕೆ ಎರಡು ಅವ್ಯಕ್ತಗಳನ್ನು ತಂದು ಕೂರಿಸಿದರು. ಯಾ = ಕಾ − ನೀ. ಸಮಸ್ಯೆ ಹೆಚ್ಚಾದಂತೆ ಕಾಣುತ್ತದೆ. ಆದರೆ ಎರಡು ಅವ್ಯಕ್ತಗಳಿದ್ದರೆ ನಮಗೆ ಬೇಕಾದ ಒಂದು ಷರತ್ತು ಹಾಕುವ ಸ್ವಾತಂತ್ರ್ಯವೂ ಜೊತೆಗೆ ಬರುತ್ತದೆ. ಕಾ − ನೀ ಎಂಬುದರ ಘನ ಬಿಡಿಸಿದರೆ ಕಾ³ − ನೀ³ ಎಂಬುದರಿಂದ 3 × ಕಾ × ನೀ × ಯಾ ಕಳೆದಷ್ಟು. ಅಂದರೆ ಯಾ³ + 3(ಕಾ × ನೀ)ಯಾ = ಕಾ³ − ನೀ³. ನಮ್ಮ ಲೆಕ್ಕದ ಪಕ್ಕ ಇಟ್ಟು ನೋಡಿ. ಕಾ × ನೀ = 2 ಎಂದು ಷರತ್ತು ಹಾಕಿದರೆ 6ಯಾ ಹೊಂದಿತು; ಕಾ³ − ನೀ³ = 20 ಆದರೆ ಸಾಕು. ಎರಡು ಘನಗಳ ವ್ಯತ್ಯಾಸ 20, ಗುಣಲಬ್ಧ 8. ಎಲ್ಲೋ ಕೇಳಿದ ಹಾಗಿದೆಯಲ್ಲ? ವ್ಯತ್ಯಾಸ 7, ಗುಣಲಬ್ಧ 60. ಅದೇ ಮಣ್ಣಿನ ಹಲಗೆಯ ಪ್ರಶ್ನೆ. 20ರ ಅರ್ಧ 10, ಅದರ ವರ್ಗ 100, 8 ಸೇರಿಸಿದರೆ 108. ಕಾ³ = √108 + 10, ನೀ³ = √108 − 10. ಘನಮೂಲ ತೆಗೆದರೆ ಕಾ ಸುಮಾರು 2.732, ನೀ ಸುಮಾರು 0.732. ಯಾ = 2. ಎಂಟು ಮತ್ತು ಹನ್ನೆರಡು, ಇಪ್ಪತ್ತು. ಈ ಸಾಲನ್ನು ಮೊದಲ ಸಲ ಬಿಡಿಸಿದ ರಾತ್ರಿ ನಾನು ದೀಪ ಆರಿಸದೆ ಬಹಳ ಹೊತ್ತು ಕೂತಿದ್ದೆ.

ಇದೇ ದಾರಿಯಲ್ಲಿ ಯಾ³ = 15ಯಾ + 4 ಎಂಬುದನ್ನು ಬಿಡಿಸಲು ಹೋದರೆ √−121 ಎದುರಾಗುತ್ತದೆ. ಋಣಸಂಖ್ಯೆಗೆ ವರ್ಗಮೂಲವಿಲ್ಲ, ಏಕೆಂದರೆ ಅದು ಸ್ವಭಾವತಃ ವರ್ಗವಲ್ಲ ಎಂದು ಮಹಾವೀರ ಏಳುನೂರು ವರ್ಷ ಮುಂಚೆಯೇ ಹೇಳಿದ್ದ. ಆದರೆ ಈ ಸಮೀಕರಣಕ್ಕೆ 4 ಎಂಬ ಉತ್ತರ ಕಣ್ಣೆದುರೇ ಇದೆ. ಬೊಂಬೆಲ್ಲಿ ಎಂಬಾತ 1572ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಆ ಅಸಾಧ್ಯ ಮೂಲಗಳನ್ನು ಹೆದರದೆ ಲೆಕ್ಕಕ್ಕೆ ತೆಗೆದುಕೊಂಡ. ಒಂದು ಘನಮೂಲ 2 + √−1, ಇನ್ನೊಂದು 2 − √−1, ಕೂಡಿಸಿದಾಗ ಅಸಾಧ್ಯವಾದದ್ದು ವಜಾ ಆಗಿ ಉಳಿದದ್ದು 4. ನಡುವೆ ಬಂದು ಕೆಲಸ ಮಾಡಿ ಹೋದದ್ದಕ್ಕೆ ನಮ್ಮ ಲೋಕದಲ್ಲಿ ಜಾಗ ಇರಲೇಬೇಕೆಂದಿಲ್ಲ, ವಾಪಸಾತಿ ಸರಿಯಿದ್ದರೆ ಸಾಕು. ಸಂಕೀರ್ಣ ಸಂಖ್ಯೆಗಳು ಗಣಿತಕ್ಕೆ ಕಾಲಿಟ್ಟದ್ದು ಹೀಗೆ, ಒಂದು ಆದೇಶದ ಬೆನ್ನು ಹತ್ತಿ.

ಆದೇಶಕ್ಕೆ ಇನ್ನೂ ದೊಡ್ಡ ಘಾತಗಳೂ ಬಗ್ಗಿದವು. 1593ರಲ್ಲಿ ವಾನ್ ರೂಮೆನ್ ಎಂಬಾತ ಲೋಕದ ಗಣಿತಜ್ಞರ ಮುಂದೆ ಒಂದು ಸಮೀಕರಣ ಇಟ್ಟ. ಘಾತ 45. ಫ್ರಾನ್ಸಿನಲ್ಲಿ ಇದನ್ನು ಬಿಡಿಸುವವರೇ ಇಲ್ಲವೆಂದು ಹೊರದೇಶದ ರಾಯಭಾರಿಯೊಬ್ಬ ಹೇಳಿದಾಗ ಅಲ್ಲಿನ ದೊರೆ ನಾಲ್ಕನೇ ಹೆನ್ರಿ ಗಣಿತಜ್ಞ ವಿಯೆತ್‌ಗೆ ಹೇಳಿಕಳಿಸಿದ. ವಿಯೆತ್ ಸಹಗುಣಕಗಳನ್ನು ನೋಡಿದ ಕೂಡಲೇ ಅವು ಒಂದು ಕೋನದ ಜ್ಯಾವನ್ನು, ಅಂದರೆ ಸೈನನ್ನು, ಅದರ 45ರಷ್ಟು ಕೋನದ ಜ್ಯಾಕ್ಕೆ ಜೋಡಿಸುವ ಸಂಖ್ಯೆಗಳೆಂದು ಗುರುತಿಸಿ, ಯಾ ಇದ್ದ ಜಾಗಕ್ಕೆ ಜ್ಯಾದ ಎರಡರಷ್ಟನ್ನು ತಂದ. ಒಂದು ಉತ್ತರ ಅಲ್ಲೇ ಸಿಕ್ಕಿತು, ಮಾರನೆಯ ದಿನ ಇನ್ನೂ ಇಪ್ಪತ್ತೆರಡು.

45ನೇ ಘಾತವೇ ಬಗ್ಗಿದ ಮೇಲೆ ಐದನೇ ಘಾತ ಯಾವ ಲೆಕ್ಕ ಎನ್ನಿಸುತ್ತದೆ. ನಾಲ್ಕನೇ ಘಾತದ ಸಾಮಾನ್ಯ ಸಮೀಕರಣವನ್ನು ಕಾರ್ದಾನೋ ಮನೆಗೆ ಕೆಲಸದ ಹುಡುಗನಾಗಿ ಬಂದ ಫೆರ್ರಾರಿ ಬಿಡಿಸಿಯಾಗಿತ್ತು. ಐದನೆಯದಕ್ಕೆ ಸುಮಾರು ಮುನ್ನೂರು ವರ್ಷ ಹುಡುಕಿದರು. 1786ರಲ್ಲಿ ಸ್ವೀಡನ್ನಿನ ಬ್ರಿಂಗ್ ನಾಲ್ಕು, ಮೂರು, ಎರಡನೇ ಘಾತದ ಪದಗಳನ್ನೆಲ್ಲ ಕಳಚುವ ಆದೇಶ ಕಂಡುಹಿಡಿದ. ಉಳಿದದ್ದು ಯಾ⁵, ಯಾ ಮತ್ತು ಒಂದು ಸ್ಥಿರಾಂಕ ಮಾತ್ರ. ಅಲ್ಲಿಂದ ಮುಂದೆ ದಾರಿಯಿಲ್ಲ. ಕಾರಣ ಅದಕ್ಕೂ ಮುಂಚೆಯೇ, 1770ರ ಸುಮಾರಿಗೆ, ಲಗ್ರಾಂಜ್ ಎಂಬ ಗಣಿತಜ್ಞನಿಗೆ ಹೊಳೆದಿತ್ತು. ಆತ ಕೇಳಿದ್ದು, ಈ ಆದೇಶಗಳು ಕೆಲಸ ಮಾಡುವುದಾದರೂ ಏಕೆ ಎಂದು. ಘನಸಮೀಕರಣದಲ್ಲಿ ಸಹಾಯಕ್ಕೆ ಕರೆದ ಸಮೀಕರಣ ಕೊನೆಗೆ ಎರಡನೇ ಘಾತಕ್ಕೆ ಇಳಿಯುತ್ತದೆ. ನಾಲ್ಕನೆಯದಕ್ಕೆ ಕರೆದದ್ದು ಮೂರಕ್ಕೆ ಇಳಿಯುತ್ತದೆ. ಐದನೆಯದಕ್ಕೆ ಕರೆದದ್ದು ಆರಕ್ಕೆ ಏರುತ್ತದೆ. ಇಳಿಸಲೆಂದು ಕರೆದದ್ದೇ ಏರಿದರೆ ಮುಂದೆ ಹೋಗುವುದೆಲ್ಲಿಗೆ? ನಾರ್ವೆಯ ಆಬೆಲ್ 1824ರಲ್ಲಿ, ಕೈಯಿಂದಲೇ ದುಡ್ಡು ಹಾಕಿ ಅಚ್ಚು ಮಾಡಿಸಿದ ಆರು ಪುಟದ ಕಿರುಹೊತ್ತಗೆಯಲ್ಲಿ, ಐದನೇ ಘಾತಕ್ಕೆ ಮೂಲಚಿಹ್ನೆಗಳ ಸಾಮಾನ್ಯ ಸೂತ್ರ ಇರಲಾರದೆಂದು ಸಾಧಿಸಿದ. ಐದು ವರ್ಷದ ಮೇಲೆ ಕ್ಷಯದಿಂದ ತೀರಿಕೊಂಡ, 26 ವರ್ಷಕ್ಕೆ.

ತಂಗಿಯ ಮಗಳಿಗೆ ಇದಿಷ್ಟನ್ನೂ ಒಂದೇ ಸಂಜೆ ಹೇಳಲಿಲ್ಲ. ಒಂಟೆಗಳನ್ನು ಹೇಳಿದೆ, ಮಣ್ಣಿನ ಹಲಗೆ ಹೇಳಿದೆ, ಅಷ್ಟೊತ್ತಿಗೆ ಅವರೆಕಾಳು ಬೇಯಲು ಇಟ್ಟಾಗಿತ್ತು. ಮೂರು ದಿನ ಬಿಟ್ಟು ಮತ್ತೆ ಬಂದಳು. ಈ ಸಲ ಲೆಕ್ಕ ತಂದಿದ್ದು ಅವಳದೇ. ಬಿಡಿಸಿದ ಪುಟವನ್ನು ಕೈಯಿಂದ ಮುಚ್ಚಿಕೊಂಡು, ಬೇರೆ ಚೀಟಿಯಲ್ಲಿ ಬರೆದು ನನ್ನ ಮುಂದಿಟ್ಟಳು: ಯಾ⁴ − 6ಯಾ³ + 7ಯಾ² + 6ಯಾ − 8 = 0.

“ಉಂಡೆ ಬಚ್ಚಿಟ್ಟಿದೀನಿ. ಹುಡುಕು.”

ಮೊದಲ ಎರಡು ಪದ ನೋಡಿದೆ. ಯಾ² − 3ಯಾ ಎಂಬುದರ ವರ್ಗ ಮಾಡಿದರೆ ಅವೆರಡೂ ಬರುತ್ತವೆ, ಜೊತೆಗೆ 9ಯಾ². ಚೀಟಿಯಲ್ಲಿ ಇರುವುದು 7ಯಾ². ಎರಡು ಕಡಿಮೆ, −2ಯಾ² + 6ಯಾ ಎಂದರೆ ಅದೇ ಉಂಡೆಯ −2ರಷ್ಟು. ಅಲ್ಲಿಗೆ ಕಾ² − 2ಕಾ − 8 = 0. ಕಾ 4 ಅಥವಾ −2. ಯಾ² − 3ಯಾ = 4 ಆದರೆ 4 ಮತ್ತು −1; −2 ಆದರೆ 1 ಮತ್ತು 2. ನಾಲ್ಕನ್ನೂ ಸಾಲಾಗಿ ಬರೆದು ಪೆನ್ ಕೆಳಗಿಟ್ಟೆ.

ಅವಳು ಮುಚ್ಚಿದ ಕೈ ತೆಗೆಯಲಿಲ್ಲ. “ತಾಳೆ ನೋಡು ದೊಡ್ಡಮ್ಮ, ಮೊದಲು ತಾಳೆ ನೋಡು.”

ಪೆನ್ ಮತ್ತೆ ಎತ್ತಿಕೊಂಡೆ. ಯಾ ಇದ್ದ ಜಾಗಕ್ಕೆಲ್ಲ 4 ಹಾಕಿದೆ. 256, ಕಳೆ 384, ಕೂಡು 112, ಕೂಡು 24, ಕಳೆ 8.

“ಸೊನ್ನೆ” ಎಂದು ನನಗಿಂತ ಮುಂಚೆ ಅವಳೇ ಹೇಳಿ ಕೈ ತೆಗೆದಳು.